ಪದಚರ್ಚೆ: ಮರದ ವಿಮಾನದ ‘ಸ್ಪಾರ್’ಗೆ ‘ತೊಲೆ’ ಸಲ್ಲುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಮನೆಯಲ್ಲೇ ಕಟ್ಟಬಹುದಾದ ಪುಟ್ಟ ಮರದ ವಿಮಾನದ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಮರ, ಪ್ಲೈವುಡ್, ಅಂಟು, ಮೇಲೆ ಹೊದಿಸಲು ಬಟ್ಟೆ, ಕಾರಿನಿಂದ ಬಿಚ್ಚಿದ ಎಂಜಿನ್ನು: ಇಷ್ಟರಲ್ಲೇ ಕಡಿಮೆ ಖರ್ಚಿನಲ್ಲಿ ಹಾರಿದವರಿದ್ದಾರೆ. ಅಮೆರಿಕದ ಬರ್ನಾರ್ಡ್ ಪೀಟನ್‌ಪೋಲ್ 1929ರಲ್ಲಿ ಫೋರ್ಡ್ ಮಾಡೆಲ್ ಎ ಕಾರಿನ ಎಂಜಿನ್ ಕೂರಿಸಿ ಹಾರಿಸಿದ ‘ಏರ್ ಕ್ಯಾಂಪರ್’ ಎಂಬ ಮರದ ವಿಮಾನವನ್ನು ಜನ ಇವತ್ತಿಗೂ ನಕ್ಷೆ ನೋಡಿಕೊಂಡು ಕಟ್ಟುತ್ತಾರೆ. ಮರಗೆಲಸ ಬಲ್ಲವರು ಓದಿದ ಕೂಡಲೇ ಕೈಗೆ ತಿಳಿಯುವಂಥ ಮಾತು ಬೇಕೆಂಬುದು ನನ್ನ ಆಸೆ. ಒಂದೆರಡು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ.

ಮೊದಲನೆಯದು ಸ್ಪಾರ್. ರೆಕ್ಕೆಯ ಬುಡದಿಂದ ತುದಿಯವರೆಗೆ ಉದ್ದಕ್ಕೆ ಹೋಗುವ, ಭಾರ ಹೊರುವ ಮುಖ್ಯ ಮರ. ನಾನು ‘ತೊಲೆ’ ಎಂದು ಬರೆದೆ. ಓದಿದ ಗೆಳೆಯರೊಬ್ಬರು ತಕರಾರು ತೆಗೆದರು: ತೊಲೆಗೆ ಎರಡೂ ಕಡೆ ಗೋಡೆಯೋ ಕಂಬವೋ ಆಸರೆಯಿರುತ್ತದೆ, ಭಾರ ಮೇಲಿನಿಂದ ಕೂರುತ್ತದೆ, ರೆಕ್ಕೆಯ ಮರ ಬುಡದಲ್ಲಿ ಮಾತ್ರ ಹಿಡಿತವಿಟ್ಟುಕೊಂಡು ಹೊರಕ್ಕೆ ಚಾಚಿದೆ, ಗಾಳಿ ಅದನ್ನು ಕೆಳಗಿನಿಂದ ಎತ್ತುತ್ತದೆ. ಅವರ ಮಾತಿನಲ್ಲಿ ಹುರುಳಿದೆ. ಹಾರುವಾಗ ರೆಕ್ಕೆ ಮೇಲಕ್ಕೆ ಬಾಗುತ್ತದೆ. ಸ್ಪಾರಿನ ಮೇಲಂಚು ಅದುಮಿಕೊಳ್ಳುತ್ತದೆ, ಕೆಳಂಚು ಜಗ್ಗಿಕೊಳ್ಳುತ್ತದೆ, ನಡುವಿಗೆ ಈ ಬಾಗಿನ ಕಷ್ಟ ಕಡಿಮೆ. ಅದಕ್ಕೇ ಮೇಲೊಂದು ಕೆಳಗೊಂದು ಪಟ್ಟಿ ಇಟ್ಟು, ಬದಿಗಳಿಗೆ ತೆಳು ಪ್ಲೈವುಡ್ ಅಂಟಿಸಿ ಒಳಗೆ ಟೊಳ್ಳು ಬಿಡುವುದುಂಟು. ಇದನ್ನು ‘ಪೆಟ್ಟಿಗೆತೊಲೆ’ ಎಂದು ಕರೆದೆ.

ತಕರಾರು ಒಪ್ಪಿದರೂ ತೊಲೆಯನ್ನು ಬಿಡಲು ಮನಸ್ಸು ಬರುತ್ತಿಲ್ಲ. ಇಂಗ್ಲಿಷಿನ ಸ್ಪಾರ್ ಕೂಡ ಮೊದಲು ಚಾವಣಿಯ ಮರವೇ ಆಗಿತ್ತು. ಆಮೇಲೆ ಹಡಗಿನ ಹಾಯಿಮರ, ಅಡ್ಡಮರಗಳಿಗೆ ಹೋಗಿ, ಕೊನೆಗೆ ರೆಕ್ಕೆ ಹತ್ತಿತು. ಅರ್ಥ ಅಷ್ಟು ದೂರ ನಡೆಯಬಹುದಾದರೆ ತೊಲೆಯೂ ನಡೆದೀತು ಎನಿಸುತ್ತದೆ. ‘ಚಾಚುತೊಲೆ’ ಎಂದರೆ ತಕರಾರು ತೀರುತ್ತದೆ, ಆದರೆ ಪುಟಕ್ಕೆ ಹತ್ತು ಸಲ ಬರುವ ಪದ ಗಿಡ್ಡಗಿರಬೇಕು.

ರೆಕ್ಕೆಗೆ ಆಕಾರ ಕೊಡಲು ಸ್ಪಾರಿಗೆ ಅಡ್ಡಲಾಗಿ ಸಾಲಾಗಿ ಕೂರಿಸುವ ಚೌಕಟ್ಟು ರಿಬ್. ಅದಕ್ಕೆ ‘ಪಕ್ಕೆಲುಬು’ ತಾನಾಗಿ ಕೂತಿತು. ಅದನ್ನು ಮಾಡುವ ಕಡೆ ಇನ್ನೊಂದು ಪದ ಎದುರಾಯಿತು. ಹಲಗೆಯ ಮೇಲೆ ರೆಕ್ಕೆಯ ಅಡ್ಡಸೀಳಿನ ಪೂರ್ಣಗಾತ್ರದ ಚಿತ್ರ ಅಂಟಿಸಿ, ಗೆರೆಯ ಇಕ್ಕೆಲದಲ್ಲೂ ಚಿಕ್ಕ ಮರದ ತುಂಡು ಬಡಿದು, 6 ಮಿ.ಮೀ. ಚೌಕದ ಪಟ್ಟಿಯನ್ನು ಆ ಓಣಿಯಲ್ಲಿ ಬಾಗಿಸಿ ಕೂರಿಸುತ್ತಾರೆ. ಮುಂದಂಚಿನ ಹತ್ತಿರ ಬಾಗು ಜಾಸ್ತಿ. ಪಟ್ಟಿಯನ್ನು ಬಿಸಿನೀರಿನಲ್ಲಿ ನೆನೆಸದೆ ಬಗ್ಗಿಸಿದರೆ ಚಟ್ಟನೆ ಸೀಳಿಬಿಡಬಹುದು. ಪಟ್ಟಿಗಳು ಕೂಡುವ ಕಡೆಯೆಲ್ಲ 1.5 ಮಿ.ಮೀ. ಪ್ಲೈವುಡ್ಡಿನ ಮುಕ್ಕೋನದ ಚೂರು ಅಂಟಿಸುತ್ತಾರೆ. ಅದು ಗಸೆಟ್. ‘ತೇಪೆ’ ಎನ್ನಲು ಹೊರಟು ನಿಲ್ಲಿಸಿದೆ. ತೇಪೆ ಹರಿದ ಮೇಲೆ ಹಾಕುವುದು. ಇದು ಬಿಡದಿರಲಿ ಎಂದು ಮೊದಲೇ ಹಾಕುವುದು. ಸದ್ಯಕ್ಕೆ ‘ಮೂಲೆಗಟ್ಟು’ ಎಂದಿಟ್ಟಿದ್ದೇನೆ.

ಫ್ರೆಂಚ್ ಪದಗಳು ತೊಂದರೆ ಕೊಡಲಿಲ್ಲ. ರೆಕ್ಕೆಯ ಹಿಂದಂಚಿನಲ್ಲಿ ಮೇಲೆ ಕೆಳಗೆ ಆಡಿ ವಿಮಾನವನ್ನು ಪಕ್ಕಕ್ಕೆ ವಾಲಿಸುವ ಏಲೆರಾನ್ ಎಂದರೆ ಆ ಭಾಷೆಯಲ್ಲೇ ‘ಕಿರುರೆಕ್ಕೆ’. ಬಾಲದ ಭಾಗಗಳನ್ನೆಲ್ಲ ಒಟ್ಟಾಗಿ ಹೇಳುವ ಎಂಪೆನಾಜ್ ಬಂದದ್ದು ಬಾಣಕ್ಕೆ ಗರಿ ಕಟ್ಟುವುದರಿಂದ. ‘ಬಾಲಗರಿ’ ಎಂದು ಬರೆದಾಗ ನನಗೇ ಖುಷಿಯಾಯಿತು. ಹೆಸರಿನ ಮಾತಿಗೆ ಇನ್ನೊಂದು: ಫ್ರಾನ್ಸಿನ ಆನ್ರಿ ಮಿನ್ಯೆ 1933ರಲ್ಲಿ ಹಾರಿಸಿದ ಪುಟಾಣಿ ವಿಮಾನ ಫ್ರೆಂಚಿನಲ್ಲಿ ‘ಆಕಾಶದ ಹೇನು’, ಇಂಗ್ಲಿಷಿಗೆ ಹೋಗುವಷ್ಟರಲ್ಲಿ ‘ಹಾರುವ ಚಿಗಟ’. ಅದಕ್ಕೆ ಕಿರುರೆಕ್ಕೆಯೇ ಇರಲಿಲ್ಲ.

ಮರದ ಗ್ರೇನ್, ಅಂದರೆ ಅದರ ನಾರು ಸಾಗುವ ದಿಕ್ಕಿನ ಬಗ್ಗೆ ಮಾತ್ರ ನನ್ನದು ಗಟ್ಟಿ ಅಭಿಪ್ರಾಯ. ಯಂತ್ರಾನುವಾದದಲ್ಲಿ ‘ಮರದ ಧಾನ್ಯ’ ಎಂದು ಕಂಡಾಗ ಸಂಕಟವಾಯಿತು. ‘ಎಳೆ’ ಎಂಬ ಒಳ್ಳೆಯ ಪದ ಇದೆ. ತೊಲೆಯ ಮರದಲ್ಲಿ 15 ಅಳತೆ ಉದ್ದಕ್ಕೆ ಎಳೆ ಒಂದು ಅಳತೆಗಿಂತ ಹೆಚ್ಚು ಓರೆಯಾಗಬಾರದು ಎಂಬುದು ನಿಯಮ. ‘ಎಳೆಯೋರೆ’ ಎಂದರೆ ಸಾಕು, ಹಲಗೆ ನೋಡುವ ಕಣ್ಣಿಗೆ ಅರ್ಥವಾಗುತ್ತದೆ. ಜೀವ ನಿಂತಿರುವುದೇ ಆ ಎಳೆಯ ಮೇಲೆ.

ಪೂರ್ತಿ ಸೋತದ್ದು ಸ್ಕಾರ್ಫ್ ಜಾಯಿಂಟ್ ಎದುರು. ಎರಡು ಮರಗಳ ತುದಿಯನ್ನು ಉದ್ದನೆಯ ಓರೆಯಲ್ಲಿ ಹೆರೆದು, ಒಂದರ ಮೇಲೊಂದಿಟ್ಟು ಅಂಟಿಸುವ ಕೂಡಿಕೆ ಇದು. ಸಾಮಾನ್ಯವಾಗಿ ದಪ್ಪದ 12 ಪಟ್ಟು ಉದ್ದ: 20 ಮಿ.ಮೀ. ಪಟ್ಟಿಗೆ 240 ಮಿ.ಮೀ. ಓರೆ. ‘ಓರೆಸಂದು’ ಎಂದರೆ ಸಂದು ಬಿರುಕಿನಂತೆ ಕೇಳುತ್ತದೆ, ‘ಓರೆಬೆಸುಗೆ’ ಎಂದರೆ ಲೋಹ ನೆನಪಾಗುತ್ತದೆ. ದೋಣಿ ಕಟ್ಟುವವರು, ಬಡಗಿಗಳು ಇದಕ್ಕೆ ಏನೆನ್ನುತ್ತಾರೆ? ನಿಮ್ಮ ಮನೆಮಂದಿಯ ಬಾಯಲ್ಲಿ ಕೇಳಿದ ಪದವಿದ್ದರೆ ದಯವಿಟ್ಟು ಬರೆಯಿರಿ. ಯಾವ ಕೆಲಸದಲ್ಲಿ, ಯಾವ ಮರಕ್ಕೆ ಬಳಸಿದ್ದೆಂದೂ ಹೇಳಿ. ತೊಲೆಯ ಬಗ್ಗೆ ಆ ಗೆಳೆಯರ ಪಕ್ಷ ಹಿಡಿಯುವವರೂ ಬರೆಯಿರಿ.