ಒಂದೇ ಜಿರ್ಕಾನ್ ಹರಳಿಗೆ ಮೂರು ವಯಸ್ಸು ಬರ್ತಾ ಉಂಟು, ಸೀಸ ಸೋರಿದೆಯಾ?

ಕುಂಬಳೆ ಕಲ್ಲುಹುಚ್ಚ:
ನಮಸ್ಕಾರ. ನಾನು ಭೂವಿಜ್ಞಾನ ಓದಿದವನಲ್ಲ, ಅಂಗಡಿ ಬಾಗಿಲು ಹಾಕಿದ ಮೇಲೆ ಕಲ್ಲು ನೋಡುತ್ತಾ ಕೂರುವವನು. ಅಕ್ಕನ ಮಗಳು ಅದನ್ನೇ ಓದುತ್ತಿದ್ದಾಳೆ, ಅಭ್ಯಾಸಕ್ಕೆ ಅಂತ ಒಂದು ಜಿರ್ಕಾನ್ ಹರಳಿನ ಲೆಕ್ಕ ಕೊಟ್ಟಳು. ಜಿರ್ಕಾನ್ ಅಂದರೆ ಕಲ್ಲಿನೊಳಗೆ ಸಿಗುವ, ಸ್ವಲ್ಪ ಯುರೇನಿಯಂ ಹಿಡಿದಿಟ್ಟಿರುವ ಪುಟ್ಟ ಹರಳು. ಸೀಸ 206 ಮತ್ತು ಯುರೇನಿಯಂ 238ರ ಅನುಪಾತ 0.3316, ಅದರಿಂದ ವಯಸ್ಸು 184.6 ಕೋಟಿ ವರ್ಷ. ಸೀಸ 207 ಮತ್ತು ಯುರೇನಿಯಂ 235ರದ್ದು 7.511, ಅದಕ್ಕೆ 217.4 ಕೋಟಿ. ಯುರೇನಿಯಂ ಬಿಟ್ಟು ಬರೀ 207/206 ಹಿಡಿದರೆ 250 ಕೋಟಿ! ಎಕ್ಸೆಲ್ ಫಾರ್ಮುಲಾ ಮೂರು ಸಲ ನೋಡಿದೆ, ತಪ್ಪಿಲ್ಲ. ಬಿಸಿಗೆ ಸೀಸ ಹರಳಿನಿಂದ ಹೊರಗೆ ಹೋಗಿದೆ ಅಂತ ನನ್ನ ಊಹೆ. ನಮ್ಮ ಕಡೆಯ ಚಾರ್ನಕೈಟ್ ಎಲ್ಲ ಭಯಂಕರ ಬಿಸಿ ಕಂಡ ಕಲ್ಲು ತಾನೇ? ಯಾವ ವಯಸ್ಸನ್ನು ನಂಬಲಿ?

ಹೊಸೂರು ಕರಿಕಲ್ಲು:
ಮಧ್ಯದ್ದು ತಗೊಳ್ಳಿ ಸಾರ್. ಮೂರರ ಸರಾಸರಿ ಹಾಕಿ ನೋಡಿದೆ, ಅದೂ 217 ಚಿಲ್ಲರೆಯೇ ಬರುತ್ತೆ.

ಮುಳ್ಳೇರಿಯ ಮೇಷ್ಟ್ರು:
ಸರಾಸರಿ ಬೇಡ ಮಾರಾಯ್ರೆ! ಅದು ಸುಮ್ನೆ ಕೂಡಿಬಂದದ್ದು, ಅರ್ಥ ಏನೂ ಇಲ್ಲ.

ಒಂದೇ ಹರಳಿನಲ್ಲಿ ಎರಡು ಗಡಿಯಾರ ಉಂಟು. ಯುರೇನಿಯಂ 238 ಒಡೆದು ಕೊನೆಗೆ ಸೀಸ 206 ಆಗುತ್ತದೆ, 235 ಒಡೆದು ಸೀಸ 207. ಯುರೇನಿಯಂ 238 ಅರ್ಧಕ್ಕೆ ಇಳಿಯಲು 447 ಕೋಟಿ ವರ್ಷ ಬೇಕು, 235ಕ್ಕೆ 70 ಕೋಟಿ ಸಾಕು. ಏನೂ ಸೋರದಿದ್ದರೆ ಎರಡೂ ಒಂದೇ ವಯಸ್ಸು ಹೇಳುತ್ತವೆ. ಸೋರಿದರೆ 206 ಆಗಲಿ 207 ಆಗಲಿ ಒಂದೇ ಪ್ರಮಾಣದಲ್ಲಿ ಹೋಗುತ್ತವೆ, ಎರಡೂ ಸೀಸವೇ ಅಲ್ವಾ, ತೂಕದಲ್ಲಿ ಇನ್ನೂರಕ್ಕೆ ಒಂದರಷ್ಟು ವ್ಯತ್ಯಾಸ. 250 ಕೋಟಿ ವರ್ಷಕ್ಕೆ ಇರಬೇಕಾದ ಅನುಪಾತಗಳು 0.4738 ಮತ್ತು 10.73. ನಿಮ್ಮ ಅಂಕಿಗಳನ್ನು ಅವುಗಳಿಂದ ಭಾಗಿಸಿ ನೋಡಿ, ಎರಡರಲ್ಲೂ 0.7. ನೂರಕ್ಕೆ 30 ಭಾಗ ಸೀಸ ಹೋಗಿದೆ, ಅದೂ ತೀರಾ ಈಚೆಗೆ. ಹಾಗಾಗಿ ನಂಬಬೇಕಾದ್ದು 207/206 ಹೇಳುವ 250 ಕೋಟಿಯನ್ನೇ. ಇದೇ 30 ಭಾಗ 55 ಕೋಟಿ ವರ್ಷದ ಹಿಂದೆ ಹೋಗಿದ್ದರೆ ಆಮೇಲೆ ಹುಟ್ಟಿದ ಸೀಸದಲ್ಲಿ 206 ಜಾಸ್ತಿ ಇರುತ್ತಿತ್ತು, ಆಗ ಮೂರು ವಯಸ್ಸು 197.4, 220, 241.7 ಅಂತ ಬರಬೇಕಿತ್ತು. 207/206 ಕೂಡ ಸುಳ್ಳು ಹೇಳುವುದು ಆಗಲೇ.

ಇನ್ನು ಬಿಸಿಯ ಮಾತು. ಹಾಳಾಗದ ಜಿರ್ಕಾನ್ 900 ಡಿಗ್ರಿ ದಾಟಿದರೂ ಸೀಸವನ್ನು ಸುಲಭಕ್ಕೆ ಬಿಡುವುದಿಲ್ಲ. ಅಪಟೈಟ್ ಅಂತ ಇನ್ನೊಂದು ಖನಿಜ ಉಂಟು, ಅದು ಹಾಗಲ್ಲ, 450-500ರಲ್ಲೇ ಕೈಬಿಡುತ್ತದೆ. ಹರಳು ದೊಡ್ಡದಾದಷ್ಟೂ ಸೋರುವುದು ನಿಧಾನ, ಅಗಲ ಎರಡು ಪಟ್ಟಾದರೆ ಸಮಯ ನಾಲ್ಕು ಪಟ್ಟು. ಹಾಗಾದರೆ ಕಳ್ಳ ಯಾರು? ಯುರೇನಿಯಂ ತಾನೇ. ಅದು ಒಡೆಯುವಾಗ ಪ್ರತಿ ಸಲ ಪರಮಾಣು ಹಿಂದಕ್ಕೆ ಒದ್ದು ಸುತ್ತಲಿನ ಜೋಡಣೆಯನ್ನು ಕೆಡಿಸುತ್ತದೆ, ಕೋಟಿಗಟ್ಟಲೆ ವರ್ಷದಲ್ಲಿ ಹರಳು ಗಾಜಿನಂತಾಗುತ್ತದೆ. ಆ ಮೇಲೆ ಬಿಸಿ ಬೇಕಾಗಿಲ್ಲ, ಮಳೆನೀರು ಸಾಕು. ಗಟ್ಟಿ ಬಂಡೆಯನ್ನೇ ಮುರಕಲ್ಲು ಮಾಡಿದ ನೀರು ನಮ್ಮೂರಿನದು!

ಕುಂಬಳೆ ಕಲ್ಲುಹುಚ್ಚ:
ಅಕ್ಕನ ಮಗಳಿಗೆ ಫೋನ್ ಮಾಡಿ ಕೇಳಿದೆ. ನೂರಕ್ಕೆ 30 ಭಾಗ ಸೀಸ ಅವಳೇ ತೆಗೆದು ಮಾಡಿದ ಲೆಕ್ಕವಂತೆ, ನಗುತ್ತಾ ಇದ್ದಳು. ಸರಿ, ನಿಜವಾದ ಕಲ್ಲಿಗೆ ಹೀಗಾದರೆ ಏನು ಮಾಡುತ್ತಾರೆ?

ಮುಳ್ಳೇರಿಯ ಮೇಷ್ಟ್ರು:
2005ರಲ್ಲಿ ಮ್ಯಾಟಿನ್ಸನ್ ಎಂಬ ಭೂವಿಜ್ಞಾನಿ ತಂದ ಉಪಾಯ ಉಂಟು. ಹರಳುಗಳನ್ನು ಸುಮಾರು 900 ಡಿಗ್ರಿಯಲ್ಲಿ ಎರಡು ದಿನ ಕಾಯಿಸಿ, ಆಮೇಲೆ ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಅರ್ಧಂಬರ್ಧ ಕರಗಿಸುವುದು. ಕೆಟ್ಟ ಭಾಗ ಮೊದಲು ಹೋಗುತ್ತದೆ, ಸೋರದ ಭಾಗ ಉಳಿಯುತ್ತದೆ. ಆ ಆಮ್ಲ ಬಹಳ ಕೆಟ್ಟದ್ದು, ಚರ್ಮದ ಮೂಲಕ ಎಲುಬಿನವರೆಗೂ ಇಳಿಯುತ್ತದೆ, ಲ್ಯಾಬ್ ಬಿಟ್ಟು ಎಲ್ಲೂ ಮುಟ್ಟಬೇಡಿ. ಇನ್ನೊಂದು, ವಯಸ್ಸು ಅಳೆಯಲು ಲೇಸರ್ ಹಾಕಿ ಹರಳಿನಲ್ಲಿ ಸಣ್ಣ ಗುಂಡಿ ಕೊರೆಯುವ ಮೊದಲು ಹರಳಿನ ಒಳಚಿತ್ರ ನೋಡಬೇಕು. ಹಳೆಯ ತಿರುಳು, ಹೊಸ ಅಂಚು ಎರಡರ ಮೇಲೂ ಒಂದೇ ಗುಂಡಿ ಬಿದ್ದರೆ ಎರಡು ವಯಸ್ಸು ಬೆರೆತು, ಸೀಸ ಸೋರಿದ ಹಾಗೆಯೇ ಕಾಣುತ್ತದೆ.

ಕುಂಬಳೆ ಕಲ್ಲುಹುಚ್ಚ:
ಈಗ ಮತ್ತೊಂದು ಲೆಕ್ಕ ಕಳಿಸಿದ್ದಾಳೆ. ಈ ಸಲ ಮೂರು ವಯಸ್ಸೂ ನೀವು ಹೇಳಿದ ಹಾಗೆ ಓರೆ. ಸೋರಿದ್ದು ಯಾವಾಗ ಅಂತ ಹೇಳಬೇಕಂತೆ.

ಮುಳ್ಳೇರಿಯ ಮೇಷ್ಟ್ರು:
ಎಷ್ಟು ಹರಳು ಕೊಟ್ಟಿದ್ದಾಳೆ?

ಕುಂಬಳೆ ಕಲ್ಲುಹುಚ್ಚ:
ಒಂದೇ.

ಮುಳ್ಳೇರಿಯ ಮೇಷ್ಟ್ರು:
ಆಗದು. ಎರಡೂ ಅನುಪಾತಗಳನ್ನು ಒಂದಕ್ಕೊಂದು ಎದುರಿಟ್ಟು ಬಿಡಿಸುವ ಚಿತ್ರಕ್ಕೆ ಕಾನ್ಕಾರ್ಡಿಯಾ ಚಿತ್ರ ಅಂತ ಹೆಸರು, ಎರಡು ಗಡಿಯಾರವೂ ಒಂದೇ ವಯಸ್ಸು ಹೇಳುವ ಜಾಗಗಳು ಅದರಲ್ಲಿ ಒಂದು ಬಾಗುಗೆರೆ. ಅದರಲ್ಲಿ ನೇರ ಗೆರೆ ಎಳೆಯಲು ಬೇರೆಬೇರೆಯಷ್ಟು ಸೋರಿದ ಹರಳುಗಳು ಬೇಕು. ಗೆರೆಯ ಮೇಲಿನ ತುದಿ ಬಾಗುಗೆರೆಯನ್ನು ಮುಟ್ಟುವಲ್ಲಿ ಹುಟ್ಟಿದ ಕಾಲ, ಕೆಳಗಿನದು ಮುಟ್ಟುವಲ್ಲಿ ಸೋರಿದ ಕಾಲ. ಇನ್ನೂ ನಾಲ್ಕು ಹರಳು ಕೊಡು ಅಂತ ಅವಳಿಗೆ ಹೇಳಿ.