ದಂಟಿನ ಸೊಪ್ಪಲ್ಲಿ ಸೀಸ 2.4 ಅಂತ ರಿಪೋರ್ಟ್ ಬಂದಿದೆ, ಇದನ್ನ ಹೇಗೆ ಓದೋದು?

ಸೊಪ್ಪಿನಮಡಿ_ಮೈಸೂರು: ನಮ್ಮ ಮಾವ ಮೈಸೂರಿನ ಹೊರಗಡೆ ಕೊಳಚೆ ನೀರು ಹರಿಯೋ ಕಾಲುವೆ ಪಕ್ಕ ಸೊಪ್ಪು ಬೆಳೀತಾರೆ. ಯಾರೋ ಅವರ ಮಡಿಯಿಂದ ದಂಟು ಕಿತ್ಕೊಂಡು ಹೋಗಿ ಲ್ಯಾಬಲ್ಲಿ ಟೆಸ್ಟ್ ಮಾಡಿಸಿ ವಾಟ್ಸಾಪಿಗೆ ಬಿಟ್ಟಿದಾರೆ, ಸೀಸ ಕೆಜಿಗೆ 2.4 ಮಿ.ಗ್ರಾಂ, ಕೋಡೆಕ್ಸ್ (ಅಂತಾರಾಷ್ಟ್ರೀಯ ಆಹಾರ ಮಾನದಂಡ) ಲಿಮಿಟ್ 0.3, ಎಂಟು ಪಟ್ಟು ವಿಷ ಅಂತ. ದಿನಾ ಬರ್ತಿದ್ದ ವ್ಯಾಪಾರಿ ಬರೋದೇ ಬಿಟ್ಟ. ಇದು ನಿಜಾನಾ?

ಮಂಡ್ಯ_ಗದ್ದೆ: ಮಣ್ಣು ಟೆಸ್ಟ್ ಮಾಡ್ಸಿ ಸಾಕು ಕಣಣ್ಣ, ಮಣ್ಣಲ್ಲಿ ಇದ್ರೆ ಗಿಡದಲ್ಲೂ ಇದ್ದೇ ಇರುತ್ತೆ.

ಲ್ಯಾಬ್_ಅಕ್ಕ: ಇಲ್ಲ, ಹಾಗೆ ಹೇಳೋಕಾಗಲ್ಲ. ಸೀಸ ಬಹುಪಾಲು ಬೇರಲ್ಲೇ ನಿಂತ್ಬಿಡುತ್ತೆ, ಕ್ಯಾಡ್ಮಿಯಂ ಅನ್ನೋ ಇನ್ನೊಂದು ವಿಷಲೋಹ ಸಲೀಸಾಗಿ ಎಲೆಗೆ ಹತ್ತುತ್ತೆ, ಮಣ್ಣು ಹುಳಿಯಾಗಿದ್ರೆ ಇನ್ನೂ ಜಾಸ್ತಿ. ತಿನ್ನೋ ಭಾಗವನ್ನೇ ಅಳೀಬೇಕು. ಮೊದಲು ಹೇಳಿ, ಆ 2.4 ಒಣತೂಕಕ್ಕಾ ಹಸಿತೂಕಕ್ಕಾ?

ಸೊಪ್ಪಿನಮಡಿ_ಮೈಸೂರು: ಕೆಳಗೆ ಸಣ್ಣದಾಗಿ ಡ್ರೈ ವೇಯ್ಟ್, ಅಂದ್ರೆ ಒಣತೂಕ ಅಂತ ಇದೆ ಅಕ್ಕ.

ಲ್ಯಾಬ್_ಅಕ್ಕ: ನೋಡಿ, ಅಲ್ಲೇ ಇರೋದು ವಿಷಯ. ಕೋಡೆಕ್ಸ್ ಲಿಮಿಟ್ ಮಾರೋ ಹಸಿ ಸೊಪ್ಪಿಗೆ. ದಂಟಲ್ಲಿ ಹತ್ತಿರ ಹತ್ತಿರ 90 ಪರ್ಸೆಂಟ್ ನೀರು, ಒಣಗಿಸಿದ್ರೆ ಹತ್ತರಲ್ಲೊಂದು ಪಾಲು ಉಳಿಯುತ್ತೆ, ಹಾಗಾಗಿ ಹಸಿತೂಕಕ್ಕೆ ಅದು ಸುಮಾರು 0.24. ಎಂಟು ಪಟ್ಟು ಅನ್ನೋದು ಶುದ್ಧ ತಪ್ಪು, ಒಬ್ಬ ರೈತನ ಹೊಟ್ಟೆ ಮೇಲೆ ಹೊಡೆಯೋ ಮುಂಚೆ ಇಷ್ಟು ಲೆಕ್ಕ ಹಾಕಬೇಕಿತ್ತು.

ಹೆಬ್ಬಾಳದವನು: ಅಂದ್ರೆ ಆರಾಮಾಗಿ ತಿನ್ನಿ ಅಂತೀರಾ ಮೇಡಂ? 0.24ಕ್ಕೂ 0.3ಕ್ಕೂ ಎಷ್ಟು ದೂರ? ಮಕ್ಕಳಿಗೆ ಸೀಸ ಇಷ್ಟಿದ್ರೆ ಪರವಾಗಿಲ್ಲ ಅನ್ನೋ ಮಟ್ಟವೇ ಗೊತ್ತಿಲ್ಲ ಅಂತ ಡಬ್ಲ್ಯೂಎಚ್ಒನೇ ಹೇಳುತ್ತೆ. ನಮ್ಮನೇಲಿ ವಾರಕ್ಕೆ ಮೂರು ದಿನ ಸೊಪ್ಪಿನ ಸಾರು.

ಲ್ಯಾಬ್_ಅಕ್ಕ: ತಿನ್ನಿ ಅಂತ ನಾನು ಹೇಳಿಲ್ಲ ಸರ್, ನಿಮ್ಮ ಭಯ ಸರಿಯಾಗೇ ಇದೆ. ಆದ್ರೆ ಆ ನಂಬರನ್ನೇ ನಂಬೋಕೆ ಆಗ್ತಿಲ್ಲ. ಒಂದು ಗ್ರಾಂ ಒಣಪುಡಿಯನ್ನ ನೈಟ್ರಿಕ್ ಆಸಿಡ್ಡಲ್ಲಿ ಕರಗಿಸಿ 50 ಮಿ.ಲೀ. ಮಾಡಿದ್ರೆ ದ್ರಾವಣದಲ್ಲಿ ಸೀಸ ಲೀಟರಿಗೆ 0.048 ಮಿ.ಗ್ರಾಂ. ಫ್ಲೇಮ್ ಎಎಎಸ್ ಅನ್ನೋ, ಜ್ವಾಲೆಯಲ್ಲಿ ಲೋಹ ಅಳೆಯೋ ಮಷೀನಿಗೆ ಇದು ಅಂಚಲ್ಲಿರೋ ಅಳತೆ, ರೀಡಿಂಗ್ ಒಂದ್ಸಲ ಹೀಗೆ ಒಂದ್ಸಲ ಹಾಗೆ ಬರುತ್ತೆ. ಇನ್ನೂ ಸೂಕ್ಷ್ಮವಾಗಿ ಅಳೆಯೋ ಗ್ರಾಫೈಟ್ ಫರ್ನೇಸ್ ಇಲ್ಲಾ ಐಸಿಪಿ-ಎಂಎಸ್ ಮಷೀನ್ ಬೇಕು. ಬ್ಲಾಂಕ್, ಅಂದ್ರೆ ಸೊಪ್ಪು ಹಾಕದ ಬರೀ ಆಸಿಡ್ ಟೆಸ್ಟ್, ಓಡಿಸಿದ್ರಾ ಕೇಳಿ, ಬರೀ ಆಸಿಡ್ಡಲ್ಲೇ ಸ್ವಲ್ಪ ಸೀಸ ಇರಬಹುದು. ಸೊಪ್ಪು ತೊಳೆದಿದ್ರಾ? ರಸ್ತೆ ಧೂಳು ಎಲೆ ಮೇಲೆ ಕೂತಿದ್ರೆ ಅದೂ ಲೆಕ್ಕಕ್ಕೆ ಬರುತ್ತೆ.

ಹೆಬ್ಬಾಳದವನು: ಧೂಳು ಹೊಟ್ಟೆಗೆ ಹೋಗಲ್ವಾ? ಎಲ್ರೂ ಡಿಸ್ಟಿಲ್ಡ್ ವಾಟರಲ್ಲಿ ತೊಳೆದು ತಿಂತಾರಾ? ತೊಳೆದದ್ದು ತೊಳೀದೇ ಇದ್ದದ್ದು ಎರಡೂ ಅಳೀರಿ.

ಲ್ಯಾಬ್_ಅಕ್ಕ: ಒಪ್ಪಿದೆ, ಹಾಗೇ ಮಾಡ್ಬೇಕು. ಎರಡರ ನಡುವೆ ಭಾರಿ ವ್ಯತ್ಯಾಸ ಬಂದ್ರೆ ಸೀಸ ಬಹುಪಾಲು ಧೂಳಿಂದ ಬಂದಿದ್ದು, ವ್ಯತ್ಯಾಸ ಕಮ್ಮಿ ಇದ್ರೆ ಬೇರಿನ ಕಡೆಯಿಂದ ಬಂದಿರಬಹುದು.

ಮಂಡ್ಯ_ಗದ್ದೆ: ನಮ್ ಭತ್ತಕ್ಕೂ ಇದೇ ಲೆಕ್ಕನಾ ಅಕ್ಕ? ನಾಲೆ ನೀರು ಬಿಟ್ಟಾಗ ಗದ್ದೇಲಿ ಯಾವಾಗ್ಲೂ ನೀರು ನಿಂತಿರುತ್ತೆ.

ಲ್ಯಾಬ್_ಅಕ್ಕ: ಭತ್ತದ್ದು ಬೇರೆ ಕಥೆ ಅಣ್ಣ. ನೀರು ನಿಂತಿದ್ರೆ ಕಾಳಿಗೆ ಕ್ಯಾಡ್ಮಿಯಂ ಕಮ್ಮಿ ಹೋಗುತ್ತೆ, ಆರ್ಸೆನಿಕ್ ಜಾಸ್ತಿ. ಗದ್ದೆ ಒಣಗಿಸಿದ್ರೆ ಉಲ್ಟಾ. ಅಕ್ಕಿ ಕಾಳನ್ನೇ ಕೊಡಿ, ಹುಲ್ಲಿನ ರೀಡಿಂಗ್ ತಂದು ಅಕ್ಕಿಗೆ ಅಂಟಿಸಬೇಡಿ.

ಸೊಪ್ಪಿನಮಡಿ_ಮೈಸೂರು: ಸರಿ ಅಕ್ಕ, ಈಗ ನಾವು ಸ್ಯಾಂಪಲ್ ಹೇಗೆ ತೆಗೀಬೇಕು?

ಲ್ಯಾಬ್_ಅಕ್ಕ: ಒಂದೇ ಮೂಲೆಯಿಂದ ಬೇಡ, ಮಡಿ ಪೂರ್ತಿ ಓಡಾಡಿ ಅಲ್ಲಲ್ಲಿ ಕಿತ್ತು ಒಟ್ಟು ಸೇರಿಸಿ. ಹೊಸ ಪ್ಲಾಸ್ಟಿಕ್ ಕವರ್, ನ್ಯೂಸ್ ಪೇಪರ್ ಬೇಡ. ಮನೇಲಿ ಮಿಕ್ಸಿಗೆ ಹಾಕ್ಬೇಡಿ, ಸ್ಟೀಲ್ ಬ್ಲೇಡಿಂದ ಕ್ರೋಮಿಯಂ, ನಿಕ್ಕಲ್ ಸೇರ್ಕೊಳ್ಳುತ್ತೆ. ಹಸಿ ಇದ್ದಾಗಲೇ ತೂಕ ಬರೆಸಿ, ರಿಪೋರ್ಟಲ್ಲಿ ಒಣ ಹಸಿ ಎರಡೂ ತೂಕಕ್ಕೆ ಕೇಳಿ. ಜೊತೆಗೆ ಕಾಲುವೆ ನೀರೂ ಒಂದು ಬಾಟಲ್ ಕೊಡಿ. ಬಂದಮೇಲೆ ಇಲ್ಲೇ ಹಾಕಿ, ಲಿಮಿಟ್ ದಾಟಿದ್ರೆ ಸೊಪ್ಪು ಬಿಟ್ಟು ಅಲ್ಲಿ ಹೂವಿನ ಬೆಳೆ ಹಾಕೋದೇ ಒಳ್ಳೇದು, ಅದನ್ನ ಮಾವನೋರಿಗೆ ಈಗಲೇ ಹೇಳಿಟ್ಟಿರಿ.