ಅಪ್‌ಡೇಟ್: ಆ ಜರ್ಮನ್ ಆರ್ಮಿ ಡ್ಯಾಗರ್ ಅಸಲಿನೇ ಅನ್ಸುತ್ತೆ

ಹೋದ ಸಲ ಕೇಳಿದ್ನಲ್ಲ, ಇಲ್ಲಿ ಜರ್ಮನಿಲಿ ತಗೊಂಡಿರೋ 1935ರ ಮಾಡೆಲ್ ಆರ್ಮಿ ಆಫೀಸರ್ ಡ್ರೆಸ್ ಡ್ಯಾಗರ್ (ಯೂನಿಫಾರ್ಮ್ ಜೊತೆ ಸೊಂಟಕ್ಕೆ ಕಟ್ಟೋ ಕಠಾರಿ) ಅಸಲಿನಾ ನಕಲಿನಾ ಅಂತ, ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನೀವು ಹೇಳಿದ ಹಾಗೇ ಪಾಮೆಲ್ (ಹಿಡಿ ತುದಿಯ ಲೋಹದ ಗುಬುಟು) ತಿರುಗಿಸಿ ಬಿಚ್ಚಿದೆ, ಸಲೀಸಾಗಿ ಬಂತು. ಹಿಡಿ ಪೂರ್ತಿ ಪ್ಲಾಸ್ಟಿಕ್ ಅಲ್ಲ, ಒಳಗೆ ಮರ, ಮೇಲೆ ತೆಳ್ಳಗೆ ಸೆಲ್ಯುಲಾಯ್ಡ್ (ಹಳೇ ಕಾಲದ ಒಂದು ಥರ ಪ್ಲಾಸ್ಟಿಕ್), ಮೊದಲು ಬಿಳಿ ಇದ್ದಿದ್ದು ಈಗ ಜೇನಿನ ಬಣ್ಣಕ್ಕೆ ತಿರುಗಿದೆ, ಬೆಳಕು ಬೀಳದ ಕಡೆ ಮಾತ್ರ ತಿಳಿ ಹಳದಿ, ಅದನ್ನ ನೋಡಿನೇ ನಂಗೆ ಅರ್ಧ ಧೈರ್ಯ ಬಂತು. ಹಿಡಿಗೂ ಬ್ಲೇಡಿಗೂ ಮಧ್ಯದ ಅಡ್ಡಪಟ್ಟಿ ಮೇಲಿನ ಹದ್ದಿನ ರೆಕ್ಕೆ ಗರಿಗಳು ಲೆನ್ಸಲ್ಲಿ ಒಂದೊಂದೂ ಸ್ಪಷ್ಟ, ಎರಕ ಹೊಯ್ದ ನಕಲಿಗಳಲ್ಲಿ ಕಾಣೋ ಸಣ್ಣ ಗುಳಿ ಎಲ್ಲೂ ಇಲ್ಲ. ಬ್ಲೇಡ್ ಮೇಲೆ ಕತ್ತಿ ಹಿಡಿದ ಅಳಿಲು, ಅಂದ್ರೆ ಜೋಲಿಂಗೆನ್ ಊರಿನ ಐಕ್‌ಹಾರ್ನ್ ಕಂಪನಿ ಗುರುತು, ಆದ್ರೆ ಅದೊಂದನ್ನೇ ನಂಬಬೇಡಿ, ನಕಲಿ ಮಾಡೋರು ಮೊದಲು ಹಾಕೋದೇ ಆ ಅಳಿಲು.

ಹಿಡಿ ಯಾವುದರದ್ದು ಅಂತ ತಿಳಿಯೋಕೆ ಬಿಸಿ ಸೂಜಿ ಚುಚ್ಚಿ ನೋಡು ಅಂದೋರಿಗೆ: ದಯವಿಟ್ಟು ಯಾರೂ ಮಾಡಬೇಡಿ, ಸೆಲ್ಯುಲಾಯ್ಡ್ ಬೇಗ ಬೆಂಕಿ ಹತ್ತುತ್ತೆ. ಪಾಲಿಶ್ ಕೂಡ ಹಾಕಲ್ಲ, ಹಳೇ ಮೇಲ್ಮೈ ಹೋದ್ರೆ ಬೆಲೆನೂ ಹೋಗುತ್ತೆ. ಹದ್ದಿನ ಕಾಲಲ್ಲಿ ನಾಜಿ ಸ್ವಸ್ತಿಕ ಇರೋದ್ರಿಂದ ಇಲ್ಲಿನ ಕಾನೂನಿನ ಪ್ರಕಾರ ಸಾರ್ವಜನಿಕವಾಗಿ ಪ್ರದರ್ಶನ ಮಾಡಂಗಿಲ್ಲ, ಹಾಗಾಗಿ ಫೋಟೋ ಹಾಕ್ತಿಲ್ಲ. ಮುಂದೆ ಜೋಲಿಂಗೆನ್‌ನ ಕ್ಲಿಂಗೆನ್ ಮ್ಯೂಸಿಯಂಗೆ (ಕತ್ತಿ, ಚಾಕುಗಳ ಮ್ಯೂಸಿಯಂ) ಹೋಗಿ ಬರೋ ಪ್ಲಾನ್ ಇದೆ.